ಗುಂಡುಸೂಜಿಯ ತಾಳ್ಮೆ

ಸಿದ್ಧ ಉಡುಪು ಇನ್ನೂ ಕಾಲಿಡದ, ಬೀದಿಯವರ ಸೊಂಟದಳತೆಯೆಲ್ಲ ಒಬ್ಬ ದರ್ಜಿಗೇ ಬಾಯಿಪಾಠವಾಗಿದ್ದ ಒಳ್ಳೆಯ ಕಾಲ ಅದು. ಆ ದರ್ಜಿಯ ಕೈ ಬಂಗಾರ, ಬಾಯಿ ಬೆಂಕಿ. ಶ್ರುತಿ ತಪ್ಪಿದ ಹಾರ್ಮೋನಿಯಂನವನನ್ನು ಚರ್ಚಿನ ಆರಾಧನೆಯ ನಡುವೆಯೇ "ಕಿವೀಲಿ ಹತ್ತಿ ತುರುಕಿದ್ದೀಯೇನೋ!" ಎಂದು ಗದರಿ, ಇಪ್ಪತ್ತು ವರ್ಷ ಹಾಡಿದ ಗಾಯನ ತಂಡದಿಂದ ಹೊರಬಿದ್ದಿದ್ದ. ಆ ಜಾಗವಿಲ್ಲದೆ ಅವನಿಗೆ ಭಾನುವಾರ ಭಾನುವಾರವಾಗಿಯೇ ಇರಲಿಲ್ಲ.

ಪಾದ್ರಿಗಳು ಕರೆದು ಹೇಳಿದರು. "ಶಮೆದಮೆ, ಮನಸ್ಸಿನ ಹತೋಟಿ ಅಂದ್ರೆ ಬರೀ ಬಾಯಿ ಮುಚ್ಕೊಳ್ಳೋದಲ್ಲಪ್ಪ. ಶನಿವಾರ ಒಂದಿನ ಯಾರ ಮೇಲೂ ರೇಗದೆ, ಕೇಳಿದವರಿಗೆ ಉಪಕಾರ ಮಾಡು. ಭಾನುವಾರ ನಿನ್ನ ಜಾಗ ನಿಂಗೇ."

ಶನಿವಾರ ದರ್ಜಿ ಒಂದು ಉಪಾಯ ಹೂಡಿದ. ಸಿಟ್ಟು ಬಂದೊಡನೆ ನಾಲ್ಕು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಳ್ಳುವುದು. ಬಾಯಿ ಬಿಟ್ಟರೆ ಸೂಜಿ ಹೊಟ್ಟೆಗೆ!

ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಡ ಹಿಡಿಯುವಷ್ಟರಲ್ಲಿ ಪಕ್ಕದ ಮನೆ ಅತ್ತೆ ಬಂದರು. "ಇದನ್ನ ಒಯ್ಲಾ? ಸಂಜೆ ಕೊಡ್ತೀನಿ."

ದರ್ಜಿ ಸೂಜಿ ಕಚ್ಚಿ "ಊಹೂಂ" ಎಂದ. ಮುಚ್ಚಿದ ತುಟಿಯಿಂದ ಆ ಮಾತಿನ ಬಾಲವಷ್ಟೇ ಹೊರಬಂತು: "ಹೂಂ."

"ದೇವರಂಥ ಮನುಷ್ಯ!" ಎಂದು ಅತ್ತೆ ಪೆಟ್ಟಿಗೆ ಎತ್ತಿಕೊಂಡು ನಡೆದರು.

ಸುದ್ದಿ ಹಬ್ಬಿತು. ಎದುರಂಗಡಿ ಕ್ಷೌರಿಕ ಗಿರಾಕಿಗಳನ್ನು ಕೂರಿಸಲು ಬೆಂಚು ಕೇಳಿದ. ಹೂಂ. ಶಾಲೆಯ ಟೀಚರು ಹದಿನಾರು ಕಿಟಕಿ ಪರದೆ ತಂದು, "ಮಕ್ಕಳಿಗೋಸ್ಕರ ಪುಕ್ಕಟೆ ಹೊಲಿದುಕೊಡ್ತೀರಲ್ವಾ?" ಎಂದರು. ಹೂಂ. ಸೂಜಿ ತೆಗೆದು ಮೆತ್ತಗೆ ಹೇಳಬಹುದಿತ್ತು. ತೆಗೆದರೆ ಎಂಥ ಮಾತು ಉದುರುತ್ತದೋ ಎಂದು ಅವನಿಗೇ ಭಯ. ಆದರೂ ಟೀಚರು ಕೈಮುಗಿದು ಹೋದಾಗ ಅವನಿಗೆ ಒಳಗೊಳಗೇ ಹಿತವಾಯಿತು. ಅವನಿಗೆ ಯಾರಾದರೂ ಕೈಮುಗಿದು ಎಷ್ಟು ವರ್ಷವಾಗಿತ್ತೋ!

ಸಂಜೆ ಹದಿನಾರನೆಯ ಪರದೆ ಹೊಲಿಯುವಾಗ ಪಾದ್ರಿಗಳು ನಗುತ್ತಾ ಬಂದರು.

"ಬೀದಿಯೆಲ್ಲ ನಿನ್ನದೇ ಮಾತು ಕಣಪ್ಪ. ಗೆದ್ದುಬಿಟ್ಟೆ! ನಾಳೆ ನಿನ್ನ ಜಾಗ ನಿಂದೇ."

ದರ್ಜಿಯ ಕಣ್ಣು ತುಂಬಿ ಬಂತು.

"ಆದ್ರೆ ಪಾಪ, ಬೇಕರಿಯವನು ಒಂದ್ಸಲನಾದ್ರೂ ಹಾಡ್ಬೇಕು ಅಂತ ಹತ್ತು ವರ್ಷದಿಂದ ಕೇಳ್ತಿದ್ದಾನೆ. ಜಾಗ ಇರೋದು ಒಂದೇ. ನಿನ್ನಷ್ಟು ದೊಡ್ಡ ಮನಸ್ಸು ಯಾರಿಗಿದೆ? ಅವನಿಗೇ ಬಿಟ್ಟುಕೊಡ್ತೀಯಾ?"

ಬೇಕರಿಯವನೇ! ಕಾಗೆಗೂ ಅವನಿಗಿಂತ ರಾಗಜ್ಞಾನವಿತ್ತು. ದರ್ಜಿಗೆ ಸಿಟ್ಟು ನೆತ್ತಿಗೇರಿತು. ಕೈ ತಾನಾಗಿ ಸೂಜಿಗಳನ್ನು ತುಟಿಗಿಟ್ಟಿತು. ತಲೆ ಅಲ್ಲಾಡಿಸಿದರೆ ಸೂಜಿ ಚುಚ್ಚುತ್ತದೆ. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಗಂಟಲಿನಿಂದಲೇ ಹೇಳಿದ.

"ಹೂಂ!"

ಪಾದ್ರಿಗಳು ಅವನನ್ನು ಬಾಚಿ ತಬ್ಬಿಕೊಂಡರು. "ಇದಪ್ಪಾ ಶಮೆದಮೆ! ಹಾಗಾದ್ರೆ ಹಾಡುವಾಗ ಹಾಕ್ಕೊಳ್ಳೋ ನಿನ್ನ ಆ ಬಿಳಿ ನಿಲುವಂಗೀನ ಅವನ ಹೊಟ್ಟೆಗೆ ಸರಿಯಾಗಿ ಸಡಿಲ ಮಾಡಿಡು" ಎಂದು ಹೇಳಿ ಹೊರಟೇಬಿಟ್ಟರು.

ದರ್ಜಿ ಸೂಜಿಗಳನ್ನು ಅಂಗೈಗೆ ಉಗುಳುವಷ್ಟರಲ್ಲಿ ಪಾದ್ರಿಗಳು ತಿರುವು ದಾಟಿದ್ದರು. ಕೂಗಿ ಕರೆದರೆ ದಿನದ ತಪಸ್ಸೆಲ್ಲ ನೀರುಪಾಲು. ಕರೆಯದಿದ್ದರೆ ಜಾಗ ಬೇಕರಿಪಾಲು.

ಇಸ್ತ್ರಿಪೆಟ್ಟಿಗೆ ವಾಪಸು ತಂದ ಅತ್ತೆ ಅವನ ಮುಖ ನೋಡಿ ಕೇಳಿದರು. "ಯಾಕೋ, ಸಿಟ್ಟು ಬಂತಾ?"

"ಊಹೂಂ" ಎಂದ ದರ್ಜಿ, ಈ ಸಲ ಬಲು ಸ್ಪಷ್ಟವಾಗಿ, ಮತ್ತು ಮೊಳೆಯಿಂದ ನಿಲುವಂಗಿ ಇಳಿಸಿ ಹೊಲಿಗೆ ಬಿಚ್ಚತೊಡಗಿದ.