ಅರಿಶಿನ ಮೆತ್ತಿದ ಸೈಕಲ್

ಅವರು ಹೋಗುವ ಹಿಂದಿನ ದಿನವೂ ನಮ್ಮ ಮನೆಯಲ್ಲಿ ಜಗಳವೇ. ಅವರೆಂದರೆ ನನ್ನ ಗಂಡ ಚಿಕ್ಕಮುನಿಯಪ್ಪ. ಜಗಳ ಸೈಕಲ್ಲಿನದು. ಕಾರ್ಖಾನೆಯ ಸಾಹೇಬರೊಬ್ಬರು ಊರು ಬಿಡುವಾಗ ಕೊಟ್ಟುಹೋದ ಹಳೇ ರೇಸ್ ಸೈಕಲ್. ಟಗರಿನ ಕೊಂಬಿನಂಥ ಹ್ಯಾಂಡಲ್, ಬೆರಳು ದಪ್ಪದ ಟೈರು. ಅದಕ್ಕೆ ಅರಮನೆ ಕುದುರೆಯ ಉಪಚಾರ.

“ಯೋ, ನನ್ನ ಬದ್ಲು ಅದನ್ನೇ ಕಟ್ಕೊಂಬೇಕಾಗಿತ್ತು ನೀನು.”

“ಕಟ್ಕೊಂಡಿದ್ರೆ ಬೆಳಗ್ಗೆ ಬೆಳಗ್ಗೆ ಬಯ್ತಿರ್ಲಿಲ್ಲ ಕಣಮ್ಮಿ. ಬತ್ತೀನಿ, ಹತ್ತು ಮೈಲಿ ತುಳ್ಕೊಂಡು ಬಂದ್ಬುಡ್ತೀನಿ.”

ಮಾರನೆಯ ದಿನ ಅವಲಪಲ್ಲಿ ರಸ್ತೆಯಲ್ಲಿ ಬಿದ್ದರು. ಪಕ್ಕದಲ್ಲಿ ಸೈಕಲ್. ಎದೆ ನಿಂತುಹೋಯಿತು ಅಂದರು ಡಾಕ್ಟರು. ನಾನು ನಂಬಲಿಲ್ಲ. ಯಾಕೆಂದರೆ ಆ ಸೈಕಲ್ಲನ್ನು ಕೆಡಿಸಿದವಳು ನಾನು.

(ಹೇಳಲು ನಾಚಿಕೆ. ಆದರೂ ಹೇಳುತ್ತೇನೆ.) ಆಯುಧಪೂಜೆಯ ಹಿಂದಿನ ದಿನ, ಅವರು ಮಲಗಿದ್ದಾಗ, ಹಸುವಿಗೆ ಹುಲ್ಲು ತರಲು ಅದನ್ನು ತಳ್ಳಿಕೊಂಡು ಹೋದೆ. ಎರಡು ಹೊರೆ ಹೇರಿದೆ. ಇಳಿಜಾರಿನಲ್ಲಿ ಕೈ ತಪ್ಪಿತು. ಸೈಕಲ್ಲು ನೆಟ್ಟಗೆ ಹೋಗಿ ನೆರೆಮನೆ ಪಾಪಮ್ಮನ ಬೇಲಿಯ ಕಲ್ಲುಕಂಬಕ್ಕೆ ಗುದ್ದಿತು. ಹ್ಯಾಂಡಲ್ ಕೆಳಗೆ ಕಂಬಿ ಉಬ್ಬಿ ಬಣ್ಣ ಬಿರಿಯಿತು. ಮಾರನೆಯ ದಿನ ಪೂಜೆಯಲ್ಲವೇ? ಬಿರುಕಿನ ಮೇಲೆ ಅರಿಶಿನ ಮೆತ್ತಿ, ಕುಂಕುಮ ಇಟ್ಟು, ಹೂ ಸುತ್ತಿದೆ. ಪೂಜೆಯ ಅರಿಶಿನವನ್ನು ಅವರು ಒರೆಸುವವರಲ್ಲ. ಮಾಸಿದಾಗಲೆಲ್ಲ ಶುಕ್ರವಾರದ ನೆಪದಲ್ಲಿ ಮತ್ತೆ ಮೆತ್ತಿದೆ.

“ಏನಮ್ಮಿ, ನನಗಿಂತ ನಿನಗೇ ಭಕ್ತಿ ಜಾಸ್ತಿ ಆಯ್ತಲ್ಲ?” ಅಂದರು. ತಲೆ ಬಗ್ಗಿಸಿ ಗಂಟೆ ಅಲ್ಲಾಡಿಸಿದೆ.

ತಿಥಿ ಮುಗಿದ ಮೇಲೆ ಸೈಕಲ್ಲನ್ನು ಹೊಸೂರಿನಲ್ಲಿ ರಿಪೇರಿ ಮಾಡುವ ಮುರುಗೇಶನ ಮುಂದೆ ನಿಲ್ಲಿಸಿದೆ.

“ಇದು ಮುರಿದೇ ಅವರು ಬಿದ್ರಾ, ನೋಡಿ ಹೇಳಪ್ಪ.”

ಮುರುಗೇಶ ಚಕ್ರ ಕಳಚಿದ. ಕಂಬಿ ಸೊಟ್ಟಗಾಗಿದೆಯಾ ಅಂತ ನೋಡಲು ಹಿಂದಿನ ಚಕ್ರದ ಕಡೆಯಿಂದ ದಾರ ತಂದು, ಹ್ಯಾಂಡಲ್ ಕೆಳಗಿನ ಕೊರಳಿಗೆ ಸುತ್ತಿ, ಮತ್ತೆ ಹಿಂದಕ್ಕೆ ಬಿಗಿದ. ಸೀಟಿನ ಕಂಬಿಗೂ ದಾರಕ್ಕೂ ಎಷ್ಟು ಸಂದು ಅಂತ ಎರಡೂ ಕಡೆ ಅಳೆದ. ಉಬ್ಬಿದ ಕಡೆ ಉಗುರು ಆಡಿಸಿದ.

“ಅಕ್ಕಾ, ಇದು ಹಳೇ ಏಟು. ಬಿರುಕೊಳಗೆ ತುಕ್ಕೈತೆ, ಅರಿಶಿನ ಐತೆ. ಹೊಸದಾಗಿ ಏನೂ ಮುರಿದಿಲ್ಲ.”

“ಹಂಗಾದ್ರೆ ಇದರ ಮೇಲಿಂದ ಬೀಳ್ಲಿಲ್ವಾ?”

“ಬೀಳೋಕೆ ಹತ್ಬೇಕಲ್ಲಕ್ಕಾ? ಹಬ್ಬ ಆದ ವಾರಕ್ಕೇ ಅಣ್ಣ ತಂದು ತೋರ್ಸಿದ್ರು. ಹತ್ಬೇಡಿ, ಎರಡು ತುಂಡಾಗ್ಬುಡ್ತದೆ ಅಂದೆ. ಅವತ್ತಿಂದ ಬರೀ ತಳ್ಕೊಂಡು ಹೋಗೋರು. ಕ್ರಾಸಿನ ಟೀ ಅಂಗಡೀಲಿ ಕೂತು, ಟೈಮ್ ನೋಡ್ಕೊಂಡು ವಾಪಸ್ಸು. ಮುಖಕ್ಕೆ ನೀರು ಚಿಮುಕಿಸ್ಕೊಳ್ಳೋರು ಬೇರೆ, ಬೆವರು ಅಂತ.”

(ಆ ಬೆವರಿಗೆ ನಾನು ದಿನಾ ಎರಡು ಮೊಟ್ಟೆ ಬೇಯಿಸಿ ಕೊಟ್ಟಿದ್ದೆ.)

“ಯಾಕಂತೆ ಆ ನಾಟಕ?”

“ಪಾಪಮ್ಮ ಅವತ್ತೇ ಎಲ್ಲಾ ಹೇಳ್ಬುಟ್ಟಿದ್ರಂತೆ. ಅದಕ್ಕೇ ಅಣ್ಣ, ‘ನಂಗೆ ಗೊತ್ತು ಅಂದ್ರೆ ಅವಳಿಗೆ ನಾಚ್ಕೆ ಆಗ್ತದೆ ಕಣಪ್ಪ. ಒಳ್ಳೇ ಭಕ್ತಿ ಬಂದೈತೆ, ಯಾಕೆ ಕೆಡಿಸ್ಲಿ’ ಅಂದ್ರು.”

ಅಂಗಡಿ ತುಂಬ ಜನ. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

“ಕಂಬಿ ತೀರಾ ತೆಳು, ಬೆಸುಗೆ ನಿಲ್ಲಲ್ಲ. ಗುಜರಿಗೆ ಹಾಕ್ಬುಡೋಣ್ವಾ ಅಕ್ಕಾ?”

“ಮುಚ್ಕೊಂಡು ಚಕ್ರ ಹಾಕ್ಕೊಡೋ.”

ತಳ್ಳಿಕೊಂಡು ಮನೆಗೆ ತಂದೆ. ಆ ತೆಳ್ಳನೆ ಟೈರು ರಾತ್ರಿ ಕಳೆಯುವುದರೊಳಗೆ ಇಳಿದುಹೋಗುತ್ತದೆ. ಅವರಿದ್ದಾಗಲೂ ಗಾಳಿ ಹೊಡೆಯುವ ಕೆಲಸ ನನ್ನದೇ. ಹತ್ತು ಮೈಲಿ ತುಳಿಯುವವರು ಮೊದಲೇ ದಣಿಯಬಾರದಲ್ಲ! ಈಗಲೂ ದಿನಾ ಬೆಳಗ್ಗೆ ಎದ್ದು, ಪಂಪು ಹಿಡಿದು, ಎರಡು ಟೈರಿಗೂ ಗಾಳಿ ಹೊಡೆಯುತ್ತೇನೆ. ಬೆವರು ಬರುತ್ತದೆ. ನನ್ನದು ನಿಜವಾದ ಬೆವರು.