ಸುಣ್ಣ-ಬೆಲ್ಲದಾಗ ನಿಂತ ಫೋನ್ ಹೋಲ್ಡರ್

ಸಾಂಗ್ಲಿ ಪ್ಯಾಟ್ಯಾಗ ನಮ್ಮದು ಬೆಲ್ಲದ ಅಂಗಡಿ. ಅಜ್ಜನ ಕಾಲದಿಂದ ಬೆಲ್ಲ ಮಾರಕೋತ ಬಂದ ಮನಿತನ. ಅಂಟೂದು ಅಂದ್ರ ಏನು ಅನ್ನೂದನ್ನ ನಮಗ ಯಾರೂ ಕಲಿಸಬೇಕಾಗಿಲ್ಲ. ಬೆಲ್ಲ ಕೈಗೆ ಅಂಟತೈತಿ, ಅಂಗಿಗೆ ಅಂಟತೈತಿ, ತಕ್ಕಡಿಗೆ ಅಂಟತೈತಿ. ಹೊಸಾ ಗಿರಾಕಿ ಕೈ ಕುಲುಕಿದ್ರ ಬಿಡಿಸಿಕೊಳ್ಳಾಕ ಸ್ವಲ್ಪ ಒದ್ದಾಡತಾನ. ಇಂಥಾ ಮನಷ್ಯಾಗ ಕಾರಿನ್ಯಾಗ ಒಂದು ಫೋನ್ ಹೋಲ್ಡರ್ ಅಂಟಸೂದು ಏನು ದೊಡ್ಡ ಮಾತು ಅಂತ ತಿಳಕೊಂಡಿದ್ದೆ.

ಹೋಲ್ಡರ್ ಬೇಕಾಗಿದ್ದು ನನಗಲ್ಲ, ನನ್ನ ಹೆಂಡತಿ ಶೋಭಾಗ. ಐವತ್ತು ದಾಟಿದ ಮ್ಯಾಲೆ ಅಕಿ ಕಾರ್ ಹೊಡಿಯೂದು ಕಲತಳು, ಲೈಸೆನ್ಸೂ ತಗೊಂಡಳು. ಮಾಧವನಗರದ ನಮ್ಮ ಮನಿಯಿಂದ ಬುಧಗಾಂವದ ತನಕ ಹೋಗಿ ಬರೂದು ರೂಢಿ ಆಗಿತ್ತು. ಆದ್ರ ಅಕಿ ಕಣ್ಣು ಇದ್ದದ್ದು ಮಿರಜದ ಆಚೆ, ಖಂಡೇರಾಜುರಿ ಮ್ಯಾಲೆ. ಅದು ಅಕಿ ತವರು. ಅಲ್ಲಿ ನಮ್ಮ ಅತ್ತಿಯವರಿಗೆ ಮೊಣಕಾಲ ಬ್ಯಾನಿ. ಪ್ರತಿ ಸೋಮವಾರ ಮಿರಜದ ದವಾಖಾನಿಗೆ ಕರಕೊಂಡು ಬರ್ರಿ ಅಂತ ಡಾಕ್ಟರ್ ಹೇಳಿದ್ದರು. ಕರಕೊಂಡು ಹೋಗವರು ಯಾರು? ಶೋಭಾನ ತಮ್ಮಗ ಹೊಲದ ಕೆಲಸ, ನನಗ ಪ್ಯಾಟಿ ಕೆಲಸ. ಅತ್ತಿಯವರು ಮಾತ್ರ ಸೋಮವಾರ ಮುಂಜಾನೆ ಎದ್ದು, ಇಳಕಲ್ ಸೀರಿ ಉಟ್ಟು, ದವಾಖಾನಿ ಚೀಲ ತೊಡಿ ಮ್ಯಾಲೆ ಇಟಗೊಂಡು ಕಟ್ಟಿ ಮ್ಯಾಲೆ ಕುಂದರತಿದ್ದರು. ನಾ ಬಂದ್ರ ನಾ, ಮಗಾ ಬಂದ್ರ ಮಗಾ. ಒಮ್ಮೊಮ್ಮೆ ಯಾರೂ ಬರತಿರಲಿಲ್ಲ. ಆಗ ಮಧ್ಯಾಹ್ನಕ್ಕ ಎದ್ದು, ಸೀರಿ ಮಡಚಿ ಇಟ್ಟು, ಯಾರಿಗೂ ಏನೂ ಅನ್ನದ ಊಟಕ್ಕ ಕುಂದರತಿದ್ದರು.

"ಇನ್ನ ಮ್ಯಾಲೆ ನಮ್ಮವ್ವ ಯಾರ ದಾರೀನೂ ಕಾಯಬಾರದು," ಅಂದಳು ಶೋಭಾ. "ಬರೂ ಸೋಮವಾರದಿಂದ ನಾ ಒಬ್ಬಾಕಿನ ಹೋಗತೇನಿ. ಅಕಿಗೂ ಹೇಳಿಬಿಟ್ಟೇನಿ."

ಇದ್ದ ಅಡಚಣಿ ಒಂದ. ಮಿರಜದ ಗಲ್ಲಿ ಅಕಿಗೆ ಗೊತ್ತಿಲ್ಲ. ಫೋನಿನ್ಯಾಗ ನಕಾಶಿ ಹಚ್ಚಿ ತೊಡಿ ಮ್ಯಾಲೆ ಇಟಗೊಂಡ್ರ ಕಣ್ಣು ದಾರಿ ನೋಡಬೇಕೋ, ತೊಡಿ ನೋಡಬೇಕೋ? ಅದಕ್ಕ ಹೋಲ್ಡರ್.

"ಕಾರ್ ಸಾಮಾನಿನ ಅಂಗಡ್ಯಾವರು ತಾವ ಹಚ್ಚಿ ಕೊಡತಾರಂತರಿ. ಅಲ್ಲೇ ಕೊಡ್ರಿ," ಅಂದಳು.

"ಬೆಲ್ಲದ ವ್ಯಾಪಾರಿ ಒಂದು ಹೋಲ್ಡರ್ ಅಂಟಸಾಕ ಮಂದಿ ಕಡೆ ಹೋದ ಅಂದ್ರ ಪ್ಯಾಟ್ಯಾಗ ನನ್ನ ಮಾನ ಉಳಿತೈತೇನು?" ಅಂದೆ. ಅಕಿ ನನ್ನ ಮಾರಿ ನೋಡಿದಳು. ಮದಿವಿ ಆದಾಗಿಂದ ಆ ನೋಟ ನನಗ ಗೊತ್ತು, ಆದ್ರ ಪ್ರತಿ ಸಲ ನಾ ಅದನ್ನ ಮೆಚ್ಚಿಗಿ ಅಂತ ತಿಳಕೊತೇನಿ.

ಶನಿವಾರ ಮುಂಜಾನೆ ಸದರಿ ಯಂತ್ರದ ಪ್ರತಿಷ್ಠಾಪನೆ ಮಾಡೂದು ಅಂತ ಠರಾವು ಆತು. ಪೊಟ್ಟಣ ಬಿಚ್ಚಿದೆ. ಒಳಗ ಒಂದು ತಿರಗೂ ಕುತ್ತಿಗಿ, ಫೋನ್ ಹಿಡಿಯಾಕ ಎರಡು ಕಿವಿ, ಗಾಜಿಗೆ ಕಚ್ಚಿಸೂ ರಬ್ಬರಿನ ಬಟ್ಟಲ, ಡ್ಯಾಶ್‌ಬೋರ್ಡಿಗೆ ಅಂಟಸೂ ದುಂಡನ್ನ ಬಿಲ್ಲಿ. ಬಿಲ್ಲಿ ಮ್ಯಾಲಿನ ಕಾಗದ ಸುಲದೆ. ಅಂಟು ಇರೂ ಬಾಜು ಮ್ಯಾಲೆ ಮಾಡಿ ಸೀಟಿನ ಮ್ಯಾಲೆ ಇಟ್ಟು, ಧೂಳ ಒರಸಾಕ ಅರಿವಿ ತರಬೇಕಂತ ಒಳಗ ಹೋದೆ.

ಹೊಳ್ಳಿ ಬರೂದರಾಗ ನಮ್ಮವ್ವ ಪೂಜಿ ತಾಟ ಹಿಡಕೊಂಡು ಕಾರಿನ ಬಾಗಲದಾಗ ನಿಂತಿದ್ದಳು. ನಮ್ಮ ಮನ್ಯಾಗ ಹೊಸಾ ಸಾಮಾನು ಏನ ಬರಲಿ, ಮಿಕ್ಸರ್ ಇರಲಿ, ನೀರಿನ ಪಂಪ್ ಇರಲಿ, ಮದಲ ಅದಕ್ಕ ವಿಭೂತಿ ಬೀಳಬೇಕು.

"ಇದರ ಹಣಿ ಯಾವ ಕಡೆ ಐತೋ ತಿಳೀಲಿಲ್ಲಪಾ," ಅಂದಳು ಅವ್ವ. "ಇದು ದುಂಡಗ ಕಂಡಿತು, ಇದಕ್ಕ ಹಚ್ಚೇನಿ. ಎಷ್ಟ ಛಲೋ ಹಿಡದೈತಿ ನೋಡು, ಕೈ ಆಡಿಸಿದ್ರೂ ಹೋಗವಲ್ದು."

ಮೂರು ಬೆರಳಿನ ವಿಭೂತಿ, ನಡುವ ಕುಂಕುಮ. ಅಂಟಿನ ಮ್ಯಾಲೆ ಜಾಗಾ ಅನ್ನೂದು ಉಳದಿರಲಿಲ್ಲ. ಅವ್ವಗ ಏನನ್ನಲಿ? ಹಚ್ಚಿದ ವಿಭೂತಿ ಕೆರದು ತಗಿಯಾಕ ನನಗೂ ಮನಸ್ಸು ಬರಲಿಲ್ಲ. ಹಂಗ ಒತ್ತಿ ಹಚ್ಚಿ, ನೋಡೂಣಂತ ಗಾಡಿ ಹೊರಗ ತಗದೆ. ಓಣಿ ತುದಿಯ ಉಬ್ಬಿನ ಮ್ಯಾಲೆ ಗಾಡಿ ಏರಿ ಇಳೀತು, ಹೋಲ್ಡರ್ ನಮಸ್ಕಾರ ಮಾಡಿ ಕೆಳಗ ಬಿತ್ತು. ವಿಭೂತಿ ಮಾತ್ರ ಅಲ್ಲಾಡಿರಲಿಲ್ಲ.

ಇದನ್ನೆಲ್ಲಾ ಬಾಜೂ ಮನಿ ಕದಮ ಕಾಕಾ ಗೇಟಿಗೆ ಆತು ನಿಂತು ನೋಡಾಕತ್ತಿದ್ದರು. ನೌಕರಿಯಿಂದ ನಿವೃತ್ತ ಆದಾಗಿಂದ ನಮ್ಮ ಮನಿ ಕೆಲಸ ನೋಡೂದ ಅವರ ಕೆಲಸ.

"ಶೇಟ್, ಕಾಚೇಲಾ ಲಾವಾ. ಪಾಣೀ ಲಾವೂನ ದಾಬಾ," ಅಂದ್ರು. ಗಾಜಿಗೆ ಹಚ್ಚು, ನೀರು ಹಚ್ಚಿ ಒತ್ತು, ಅಂತ. ರಬ್ಬರಿನ ಬಟ್ಟಲಕ್ಕ ನೀರು ಹಚ್ಚಿ, ಮುಂದಿನ ಗಾಜಿಗೆ ಇಟ್ಟು, ಇಬ್ಬರೂ ಕೂಡಿ ಒತ್ತಿದೆವು. ಕಚ್ಚಿತು. ನಾ ಜೋತು ಬಿದ್ದು ಜಗ್ಗಿದ್ರೂ ಬರಲಿಲ್ಲ. ಕಾಕಾ ಚಹಾ ಕುಡದು, ತಮ್ಮ ಮನಿಗೆ ಹೋಗಿ, ಹೆಂಡತಿಗೂ ಇದರ ಸುದ್ದಿ ಹೇಳಿದರು.

ಐತವಾರ ಮುಂಜಾನೆ ಶೋಭಾ ಸ್ಟೇರಿಂಗ್ ಹಿಡದಳು, ನಾ ಬಾಜೂಕ ಕುಂತೆ. ಬುಧಗಾಂವದ ದಾರಿ, ಕಡಕ ಬಿಸಲು, ಹಿಂದ ಕಬ್ಬಿನ ಟ್ರ್ಯಾಕ್ಟರ್. ಅಕಿ ಛಲೋ ಹೊಡಿಯಾಕತ್ತಿದ್ದಳು. ಗಾಜು ಕಾದು ರಬ್ಬರ್ ಮೆತ್ತಗಾಗಿ ಟಪ್ ಅಂತ ಸಪ್ಪಳಾತು. ಹೋಲ್ಡರ್ ಫೋನ್ ಸಮೇತ ಅಕಿ ಕಾಲಾಗ ಬಿತ್ತು. ಬ್ರೇಕಿಗೂ ಅಕಿ ಪಾದಕ್ಕೂ ನಡುವ. ಅಕಿ ಹೆಂಗೋ ಕಾಲಿಲೆ ಸರಿಸಿ ಬ್ರೇಕ್ ಒತ್ತಿದಳು. ಗಾಡಿ ರಸ್ತಾದ ನಟ್ಟನಡುವ ನಿಂತು ಬಂದ್ ಬಿತ್ತು. ಟ್ರ್ಯಾಕ್ಟರಿನವ ಹಾರ್ನ್ ಹೊಡಕೋತ, ಮರಾಠಿಯಾಗ ನಮ್ಮ ಮನಿತನವನ್ನೆಲ್ಲಾ ಸ್ಮರಿಸಿಕೋತ ಬಾಜೂಲೆ ಹೋದ.

ಶೋಭಾ ಗಾಡಿ ರಸ್ತಾದ ಬಾಜೂಕ ಹಚ್ಚಿದಳು. "ನೀವ ಹೊಡೀರಿ," ಅಂತ ಇಳದು ಈ ಕಡೆ ಬಂದು ಕುಂತಳು. ಬೈದಿದ್ರ ಬೇಸಿತ್ತು. ಮನಿ ಬರೂತನಕ ಕಿಡಕ್ಯಾಗಿಂದ ಹೊರಗ ನೋಡಿದಳು.

ಮನಿಗೆ ಬಂದು ತಮ್ಮಗ ಫೋನ್ ಹಚ್ಚಿದಳು. "ನಾಳೆ ಅವ್ವನ್ನ ನೀನ ದವಾಖಾನಿಗೆ ಕರಕೊಂಡು ಹೋಗೋ." ಅಂವಾ ಆ ಕಡೆಯಿಂದ "ನೋಡೂಣು ಅಕ್ಕಾ, ನಾಳೆ ಹೊಲಕ್ಕ ನೀರಿನ ಪಾಳಿ ಐತಿ" ಅಂದದ್ದು ನನಗೂ ಕೇಳಿತು. ನೋಡೂಣು ಅಂದ್ರ ಏನಂತ ನಮಗೆಲ್ಲಾ ಗೊತ್ತು. ಇಳಕಲ್ ಸೀರಿ, ಕಟ್ಟಿ, ತೊಡಿ ಮ್ಯಾಲೆ ಚೀಲ. ನಾ ಚಪ್ಪಲಿ ಮೆಟ್ಟಿ ಹೊಳ್ಳಿ ಕಾರಿಗೆ ಹೋದೆ.

ಡ್ಯಾಶ್‌ಬೋರ್ಡ್ ನೋಡಕೋತ ಕುಂತಾಗ ಒಂದು ಮಾತು ಹೊಳೀತು. ಅದರ ಮ್ಯಾಲೆ ಅವ್ವ ಗಾಡಿ ತಂದ ದಿನ ಇಟ್ಟ ದೇವರು ಅದಾವು. ನಟ್ಟನಡುವ ಸಣ್ಣ ಹಿತ್ತಾಳಿ ಲಿಂಗ, ಅದರ ಬಲಕ್ಕ ಡ್ರೈವರನ ಕಡೆ, ಲಿಂಗದ ಕಡೆ ಮಾರಿ ಮಾಡಿ ಕುಂತ ಬಸವಣ್ಣ. ಎಷ್ಟ ಮಳಿ, ಎಷ್ಟ ಬಿಸಲು, ಎಷ್ಟ ತಗ್ಗು ದಾಟಿದ್ರೂ ಇಬ್ಬರೂ ಜಾಗಾ ಬಿಟ್ಟಿಲ್ಲ.

"ಅವ್ವಾ, ಇವನ್ನ ಯಾತರಲೆ ಅಂಟಿಸಿದಿ?"

"ಯಾತರಲೆ ಅಂಟಸೂದು? ಸುಣ್ಣ-ಬೆಲ್ಲ. ಒಡದ ಕೊಡಾ ಹಿಡಿಯೂದಲ್ಲ ಅದು? ನಿಮ್ಮ ಅಂಗಡಿದ ಬೆಲ್ಲ."

ನನ್ನ ಅಂಗಡಿ ಬೆಲ್ಲ. ನಾ ಹಣಿ ಹಣಿ ಬಡಕೊಂಡೆ. ತಂಬಾಕಿನ ಡಬ್ಬಿ ಸುಣ್ಣ ತಗೊಂಡೆ, ಬೆಲ್ಲ ಕುಟ್ಟಿದೆ, ಕಲಿಸಿದೆ. ಅವ್ವ ಹೇಳಿದ್ದು ಚೂರ ಬೆಲ್ಲ. ಬೆಲ್ಲದ ವ್ಯಾಪಾರಿ ಕೈ ಹಂಗ ಸಣ್ಣದಾಗತೈತೇನು? ಧಾರಾಳ ಹಾಕಿದೆ. ಹೋಲ್ಡರಿನ ಬುಡಕ್ಕ ಮೆತ್ತಿ, ಬಸವಣ್ಣ ಮತ್ತು ಲಿಂಗದ ನಡುವ ಖಾಲಿ ಜಾಗಾದಾಗ ಇಡಾಕ ಹೋದೆ. ಡ್ರೈವರಗ ಛಲೋ ಕಾಣೂ ಜಾಗಾ ಅದ.

"ಏ, ಏ, ಅಲ್ಲೆ ಬ್ಯಾಡ," ಅಂದಳು ಅವ್ವ. "ಬಸವಣ್ಣಗ ಲಿಂಗ ಕಾಣಬಾರದೇನು? ಗುಡ್ಯಾಗ ನಡುವ ನಾವ ದಾಟೂದಿಲ್ಲ, ನಿನ್ನ ಫೋನ್ ನಿಲ್ಲತೈತೇನು?"

ಮಾತು ಬರೊಬ್ಬರಿ. ಬಸವಣ್ಣನ ಬಲಕ್ಕ ನೋಡಿದ್ರ ಸ್ಟೇರಿಂಗು, ಮೀಟರು. ಉಳದದ್ದು ಲಿಂಗದ ಎಡಕ್ಕ. ಸ್ಟೇರಿಂಗ್ ಕಡೆ ಕೈಗೆ ಅಡಚಣಿ ಆಗತೈತಂತ ನಾ ಮದಲಿಂದ ಕುಂತದ್ದೂ ಎಡಗಡೆ ಸೀಟಿನ್ಯಾಗ. ಅಲ್ಲೇ ಕುಂತು ಅಂಟಿಸಿದೆ, ಅಲ್ಲೇ ಕುಂತು ಕುತ್ತಿಗಿ ತಿರಗಿಸಿದೆ, ಫೋನ್ ಇಟ್ಟು ನೋಡಿದೆ. ಅಡ್ಡಿಯಿಲ್ಲ, ಸ್ವಚ್ಛ ಕಾಣತಿತ್ತು. ಅಲ್ಲಾಡಬಾರದಂತ ಉಳದ ಸುಣ್ಣ-ಬೆಲ್ಲ ಆ ತಿರಗೂ ಕುತ್ತಿಗಿಗೂ ತುಂಬಿದೆ. ಕಾರಿನ ಮಾರಿ ಬಿಸಲಿಗೆ ಮಾಡಿ, ಒಳಗ ಬಂದು ಊಟ ಮಾಡಿ ಮಲಗಿದೆ. ಸಂಜಿಮುಂದ ಮುಟ್ಟಿ ನೋಡಿದ್ರ ಕಲ್ಲು.

ಸೋಮವಾರ ಮುಂಜಾನೆ ಶೋಭಾನ್ನ ಕೈ ಹಿಡದು ಕರಕೊಂಡು ಬಂದೆ. ಹೋಲ್ಡರ್ ನಿಂತಿತ್ತು. ಅದರ ಸುತ್ತ ಇರಬಿ ಸಾಲ ಹಚ್ಚಿದ್ದವು. ಕೆಲವು ಲಿಂಗದ ಪ್ರದಕ್ಷಿಣಿ ಮುಗಿಸಿ ಬಸವಣ್ಣನ ಕಡೆ ಹೊಂಟಿದ್ದವು. ಶೋಭಾ ಅರಿವಿಲೆ ಒರಸಿ, ಸ್ಟೇರಿಂಗ್ ಮುಂದ ಕುಂತು, ನಕಾಶಿ ಹಚ್ಚಿ ಫೋನ್ ಇಟ್ಟಳು. ಇಟ್ಟು, ಆ ಕಡೆ ವಾಲಿ ನೋಡಿದಳು. ಮತ್ತಷ್ಟು ವಾಲಿದಳು.

"ಇದು ಯಾರಿಗೆ ಕಾಣಬೇಕಂತ ಹಚ್ಚೀರಿ?"

ನಾ ಕುತ್ತಿಗಿ ತಿರಗಿಸಾಕ ಹೋದೆ. ನನ್ನ ಕುತ್ತಿಗಿ ತಿರಗಿತು, ಅದರದು ತಿರಗಲಿಲ್ಲ. ಅಕಿ ಕಣ್ಣು ಮುಚ್ಚಿ ಒಂದು ಉಸರು ಬಿಟ್ಟಳು. ಆಮ್ಯಾಲೆ ಗಾಡಿ ಚಾಲೂ ಮಾಡಿದಳು. "ಹತ್ರಿ. ನೀವ ಕುಂತು ಓದ್ರಿ. ಹೊಡಿಯೂದು ಮಾತ್ರ ನಾನ."

ಅಂಗಡಿ ಬಾಗಲ ತಗಿಯೂದು ಬಿಟ್ಟು ಹತ್ತಿದೆ. ಒಬ್ಬಾಕಿನ ಹೋಗಬೇಕಂದಾಕಿಗೆ ನಾ ಗಂಟ ಬಿದ್ದಿದ್ದೆ, ಅದು ಖರೇನ ಕೆಟ್ಟ ಅನಿಸಿತು. ಆದ್ರ ಒಳಗೊಳಗ ಸ್ವಲ್ಪ ಖುಷೀನೂ ಇತ್ತು. ಇಕಿಗೆ ನಾ ಇಲ್ಲದ ನಡಿಯೂದಿಲ್ಲ ಅಂತ. ದಾರಿ ಉದ್ದಕ್ಕೂ ನಾ "ಎಡಕ್ಕ" ಅನ್ನೂದರಾಗ ಎಡಗಡೆ ದಾರಿ ಹಿಂದ ಹೋಗಿರತಿತ್ತು. ಅಕಿ ಸಿಟ್ಟಾಗದ ಮುಂದ ಹೋಗಿ ಹೊಳ್ಳಿಸಿಕೊಂಡು ಬರತಿದ್ದಳು. ಹಂಗ ಖಂಡೇರಾಜುರಿ ಮುಟ್ಟಿದೆವು.

ಅತ್ತಿಯವರು ಕಟ್ಟಿ ಮ್ಯಾಲೆ ಇದ್ದರು. ಸೀರಿ, ಚೀಲ, ಎಲ್ಲಾ ಹಂಗ. ಕಾರ್ ನಿಂತಿದ್ದು ನೋಡಿ ಎದ್ದರು. ಬಲಗಡೆ ಬಾಗಲ ತಗದು ಮಗಳು ಇಳದಳು, ಎಡಗಡೆಯಿಂದ ನಾ ಇಳದೆ. ಅವರ ಕಣ್ಣು ನಮ್ಮಿಬ್ಬರನ್ನೂ ದಾಟಿ ಗಾಡಿ ಒಳಗ ಮತ್ಯಾರನ್ನೋ ಹುಡಕಿತು.

"ಹೊಡಕೊಂಡು ಬಂದವರು ಯಾರವಾ?"

"ನಾನಬೇ."

ಅತ್ತಿಯವರು ಶೋಭಾನ ಮಾರಿ ಮ್ಯಾಲಿಂದ ಎರಡೂ ಕೈ ಇಳಿಸಿ, ತಮ್ಮ ಹಣಿಗೆ ಒತ್ತಿಕೊಂಡು ಲಟಕಿ ಮುರದರು. ನಾ ಸುಮ್ಮನ ಟೈರ್ ನೋಡಕೋತ ನಿಂತೆ, ಕಣ್ಣಾಗ ನೀರು ಬಂದಿತ್ತು.

ಆಗ ಇನ್ನೊಂದು ಮಾತು ನೆನಪಾತು. ಅತ್ತಿಯವರ ಮೊಣಕಾಲ ಮಡಚೂದಿಲ್ಲ, ಹಿಂದಿನ ಸೀಟಿನ್ಯಾಗ ಕಾಲ ಹಿಡಸೂದಿಲ್ಲ. ಅವರು ಮುಂದ ಕುಂದರಬೇಕು. ನಾ ಹಿಂದ ಹೋದೆ. ಶೋಭಾ ಫೋನ್ ಕಿತ್ತು ನನ್ನ ಕೈಯಾಗ ಕೊಟ್ಟಳು. ಖಾಲಿ ಆದ ಹೋಲ್ಡರಿಗೆ ಅತ್ತಿಯವರು ತಮ್ಮ ದವಾಖಾನಿ ಚೀಲ ತೂಗಹಾಕಿದರು. ಒಳಗ ರೊಟ್ಟಿ ಡಬ್ಬಿ, ನೀರಿನ ಬಾಟ್ಲಿ, ಎಕ್ಸರೇ. ಅದು ಕೂದಲಷ್ಟೂ ಅಲ್ಲಾಡಲಿಲ್ಲ.

"ಅಳಿಯಂದರ, ಚೀಲ ಹಾಕಾಕ ಭಾಳ ಗಟ್ಟಿ ಗೂಟ ಬಡದೀರಿ," ಅಂದರು ಖುಷಿಯಿಂದ.

ಮಿರಜದಾಗ ನಾ ಹಿಂದಿಂದ ನಕಾಶಿ ಓದಾಕ ಶುರು ಮಾಡಿದೆ. ಅತ್ತಿಯವರು ಓದು ಬರಹ ಕಲತವರಲ್ಲ, ಆದ್ರ ಹರೇದಾಗಿಂದ ಈ ಊರಿನ ಸಂತಿಗೆ ನಡಕೋತ ಬಂದವರು. "ಆ ತಂಬೂರಿ ಮಾಡವರ ಅಂಗಡಿ ದಾಟು. ಬಳಿಗಾರರ ಮನಿ ಬಾಜೂಕ ಹೊಳ್ಳವಾ. ಸಾವಕಾಶ, ಇಲ್ಲಿ ಗಟಾರ ಐತಿ." ನನ್ನ ಕೈಯಾಗಿನ ಫೋನು ಹಿಂದ ತಿರಗು, ಹಿಂದ ತಿರಗು ಅಂತ ಹೊಯ್ಕೊಳ್ಳಾಕತ್ತಿತು.

"ಅದರ ಬಾಯಿ ಮುಚ್ಚಸ್ರಿ," ಅಂದಳು ಶೋಭಾ, ಕನ್ನಡಿಯಾಗ ನೋಡಕೋತ. ಅದರದು ಮುಚ್ಚಿಸಿದೆ, ನನ್ನದೂ ಮುಚ್ಚಿಕೊಂಡೆ. ದವಾಖಾನಿ ಬಾಗಲದ ಮುಂದ ಗಾಡಿ ನಿಂತಾಗ ತಾಯಿ ಮಗಳು ಒಬ್ಬರ ಮಾರಿ ಒಬ್ಬರು ನೋಡಿ ನಕ್ಕರು. ಹಿಂದಿನ ಸೀಟಿನ್ಯಾಗ ಒಬ್ಬ ಇದ್ದಾನ ಅನ್ನೂದು ಅವರಿಗೆ ನೆನಪಾಗಲಿಕ್ಕೆ ಸ್ವಲ್ಪ ಹೊತ್ತು ಹಿಡೀತು.

ಮುಂದಿನ ಸೋಮವಾರ ನಾ ಲಗೂನ ಎದ್ದೆ. ಇಸ್ತ್ರಿ ಅಂಗಿ ಹಾಕ್ಕೊಂಡು, ಫೋನ್ ಕೈಯಾಗ ಹಿಡಕೊಂಡು, ನಮ್ಮ ಮನಿ ಕಟ್ಟಿ ಮ್ಯಾಲೆ ಕುಂತೆ. ಶೋಭಾ ಕಾರಿನ ಕೀಲಿ ಹಿಡಕೊಂಡು ಹೊರಗ ಬಂದಳು.

"ನೀವ್ಯಾಕ್ರಿ? ಮುಂದ ಅವ್ವ ಕುಂದರತಾಳ. ದಾರಿ ಅಕಿಗೆ ಗೊತ್ತೈತಿ."

"ಹೋಗೂ ಮುಂದ ಅವ್ವ ಇರೂದಿಲ್ಲಲ್ಲ?"

"ಹೋಗೂ ದಾರಿ ನನಗ ಬಂತು," ಅಂದಳು. ಗಾಡಿ ಓಣಿ ದಾಟಿ ಹೋತು. ಸೋಮವಾರ ಸೀರಿ ಉಟಗೊಂಡು ಕಟ್ಟಿ ಮ್ಯಾಲೆ ಕುಂದ್ರೂದು ಅಂದ್ರ ಏನಂತ ನನಗ ಅವತ್ತು ಸ್ವಲ್ಪ ತಿಳೀತು. ಗೇಟಿನ್ಯಾಗಿಂದ ಕದಮ ಕಾಕಾ ನೋಡಾಕತ್ತಿದ್ದರು, ಅದಕ್ಕ ಎದ್ದೆ.

ಈಗ ಸೋಮವಾರ ನಾ ಪ್ಯಾಟಿಗೆ ಹೋಗೂದು ಶೇರ್ ರಿಕ್ಷಾದಾಗ. ಮಂದಿ ತುಂಬಿರತಾರ, ನನಗ ಸಿಗೂದು ಡ್ರೈವರನ ಬಾಜೂಕ ಅರ್ಧ ಜಾಗಾ. ಅಂವಾ ತನ್ನ ಫೋನನ್ನ ಹ್ಯಾಂಡಲ್ಲಿಗೆ ಹಳೇ ಟ್ಯೂಬಿನ ಪಟ್ಟಿಲೆ ಬಿಗದಾನ. ವಿಭೂತಿ ಇಲ್ಲ, ಸುಣ್ಣ ಇಲ್ಲ, ಬೆಲ್ಲ ಇಲ್ಲ. ಎಂಥಾ ತಗ್ಗಿನ್ಯಾಗ ಬಿದ್ರೂ ಅದು ಜಾಗಾ ಬಿಡೂದಿಲ್ಲ. ನಾ ಮಾತ್ರ ಸರಳು ಹಿಡಕೊಂಡು ಹೊರಗ ಜೋತಾಡತಿರತೇನಿ, ಅಂವಾ ಒಂದು ಕೈಯಿಂದ ಹ್ಯಾಂಡಲ್ ಹಿಡದು, ಇನ್ನೊಂದು ಕೈಯಿಂದ ನನ್ನ ಅಂಗಿ ಹಿಡಕೊಂಡಿರತಾನ.