ಮ್ಯಾನೇಜರ್ ತಲೆ, ಹಿಂದಿನಿಂದ

ಪೆನ್ಸಿಲಿನಲ್ಲಿ ಬರೆದದ್ದನ್ನು ಅವಳು ಅಷ್ಟು ಸಲ ಅಳಿಸದೇ ಇದ್ದಿದ್ದರೆ ಈ ಫಜೀತಿಯೇ ಆಗುತ್ತಿರಲಿಲ್ಲ.

ಅವಳು ಪರದೆಗೂ ದಿಂಬಿನ ಚೀಲಕ್ಕೂ ಅಚ್ಚು ಹಾಕುವ ಕಾರ್ಖಾನೆಯ ಹೊಸ ಡಿಸೈನರ್. ಹಗಲು ಗುಂಡಿ ಅಂಗಡಿಯಲ್ಲಿ ಗುಂಡಿ ಮಾರಿ, ಸಂಜೆ ತರಗತಿಯಲ್ಲಿ ಮೂರು ವರ್ಷ ಚಿತ್ರ ಕಲಿತು ಬಂದವಳು. ಕೂತಲ್ಲಿ ನಿಂತಲ್ಲಿ ಏನಾದರೂ ಗೀಚುತ್ತಿದ್ದುದರಿಂದ ಕಾರ್ಖಾನೆಯವರು ಅವಳಿಗೆ ಗೀಚಮ್ಮ ಎಂದು ಹೆಸರಿಟ್ಟಿದ್ದರು. ಮೇಜಿನ ಮೇಲೆ ಕಾಫಿ ಲೋಟ ಬಿಟ್ಟ ಒದ್ದೆ ಉಂಗುರ, ಪೇರಿಸಿಟ್ಟ ಕುರ್ಚಿಗಳ ಕಾಲು, ಹಲ್ಲು ಮುರಿದ ಬಾಚಣಿಗೆ, ಎಲ್ಲವೂ ಅವಳ ಕಣ್ಣಿಗೆ ಪರದೆಯಾಗಿ ಇಳಿಬೀಳುತ್ತಿದ್ದವು.

"ಎಲ್ಲಿಂದ ಬಂತು ಅಂತ ಬರೀದೇ ಇರೋ ಚಿತ್ರ ಕದ್ದ ಚಿತ್ರ" ಎಂದು ಸಂಜೆ ತರಗತಿಯ ಮೇಷ್ಟ್ರು ಒಮ್ಮೆ ಹೇಳಿದ್ದರು. ಮಿಕ್ಕವರು ಅದನ್ನು ಬಸ್ ಹತ್ತುವಷ್ಟರಲ್ಲಿ ಮರೆತರು. ಗೀಚಮ್ಮ ಮರೆಯಲಿಲ್ಲ. ಪ್ರತಿ ಚಿತ್ರದ ಕೆಳಗೂ ಅದು ಎಲ್ಲಿಂದ ಬಂತೆಂದು ಇಂಕಿನಲ್ಲಿ ಬರೆದಿಡುತ್ತಿದ್ದಳು. ಚಿತ್ರದ ಮೇಲೆ, ಮಾರಾಟಕ್ಕೆಂದು, ಒಂದು ಚೆಂದದ ಹೆಸರು. ಅದು ಮಾತ್ರ ಪೆನ್ಸಿಲಿನಲ್ಲಿ, ಏಕೆಂದರೆ ಹೆಸರಿನ ವಿಷಯದಲ್ಲಿ ಅವಳಿಗೆ ಧೈರ್ಯವಿರಲಿಲ್ಲ. 'ಬೆಳದಿಂಗಳು' ಎಂದು ಬರೆಯುವಳು, ಅತಿಯಾಯಿತೇನೋ ಎಂದು ಅಳಿಸುವಳು, 'ದುಂಡು' ಎಂದು ಬರೆಯುವಳು, ಇದೇನು ಹಿಟ್ಟಿನ ಉಂಡೆಯೇ ಎಂದು ಅದನ್ನೂ ಅಳಿಸುವಳು. ಕೊನೆಗೆ ಕಾಗದ ತೆಳ್ಳಗಾಗುತ್ತಿತ್ತೇ ಹೊರತು ಹೆಸರು ನಿಲ್ಲುತ್ತಿರಲಿಲ್ಲ.

ಅವಳ ಆರು ತಿಂಗಳ ತಾತ್ಕಾಲಿಕ ನೌಕರಿ ಮುಗಿಯುವುದು ಅಂದೇ. ಸಂಜೆ ನಾಲ್ಕಕ್ಕೆ ಕಾರ್ಖಾನೆಯ ಒಡತಿ, ಎಲ್ಲರ ಬಾಯಲ್ಲೂ ದೊಡ್ಡಮ್ಮ, ಪ್ರದರ್ಶನದ ಕೋಣೆಗೆ ಬಂದು ಗೀಚಮ್ಮನ ಆರು ಬಟ್ಟೆಗಳನ್ನು ನೋಡುವವರಿದ್ದರು. ಒಂದಾದರೂ ಮೆಚ್ಚಿಗೆಯಾದರೆ ಕೆಲಸ ಕಾಯಂ. ಇಲ್ಲದಿದ್ದರೆ ಐದಕ್ಕೆ ಮೇಜು ಖಾಲಿ ಮಾಡಬೇಕು. ಗುಂಡಿ ಅಂಗಡಿಗೆ ವಾಪಸ್ಸು ಹೋಗುವ ದಾರಿಯೂ ಇರಲಿಲ್ಲ. ಹಿಂದಿನ ದಿನವೇ ಅವಳ ಅಮ್ಮ ಅಲ್ಲಿಗೆ ಹೋಗಿ, "ನಮ್ಮ ಹುಡುಗಿ ಇನ್ನು ಈ ಕಡೆ ತಲೆ ಹಾಕಿನೂ ಮಲಗಲ್ಲ" ಎಂದು ಗಿರಾಕಿಗಳ ಮುಂದೆಯೇ ಹೇಳಿ ಬಂದಿದ್ದಳು.

ಹನ್ನೊಂದು ಗಂಟೆಗೆ ಬಣ್ಣ ಬೆರೆಸುವ ಮೇಷ್ಟ್ರು ನೀಲಿ ಮೆತ್ತಿದ ಎರಡೂ ಕೈಗಳನ್ನು ಸೊಂಟಕ್ಕೆ ಕೊಟ್ಟುಕೊಂಡು ಅವಳ ಮೇಜಿನ ಮುಂದೆ ನಿಂತರು.

"ಏನಮ್ಮಾ ಗೀಚಮ್ಮ, ನಾನು ಆಕಳಿಸೋದು ಅಷ್ಟು ಚೆನ್ನಾಗಿ ಕಾಣ್ಸುತ್ತಾ?"

"ಯಾವ ಆಕಳಿಕೆ?"

"ಕೆಳಗೆ ನೇತು ಹಾಕಿದಾರಲ್ಲ! 'ಬಣ್ಣದ ಮೇಷ್ಟ್ರ ಆಕಳಿಕೆ, ಮೂರು ಗಂಟೆಗೆ' ಅಂತ ಚೀಟಿ ಬೇರೆ. ಆಕಳಿಕೆ ಹೋಗ್ಲಿ, ಟೈಮ್ ಯಾಕೆ ಹಾಕ್ಬೇಕಿತ್ತು?"

ಗೀಚಮ್ಮ ಎರಡೆರಡು ಮೆಟ್ಟಿಲು ಹಾರಿ ಟೈಪಿಸ್ಟ್ ಅಕ್ಕನ ಬಳಿ ಓಡಿದಳು.

"ಅಕ್ಕಾ, ಚೀಟಿ ಮೇಲೆ ಏನು ಟೈಪ್ ಮಾಡಿದ್ರಿ?"

"ನಿನ್ನ ಪುಸ್ತಕದಲ್ಲಿ ಇದ್ದಿದ್ದೇ. ಮೇಲ್ಗಡೆ ಬರೀ ಉಜ್ಜಿದ ಗುರುತು. ಕೆಳಗಡೆ ಇಂಕಲ್ಲಿ ನೀನು ಮುತ್ತಿನ ಹಾಗೆ ಬರೆದಿದೀಯ, ಅದನ್ನೇ ಹೊಡೆದೆ." ಅಕ್ಕ ಪ್ರತಿಯನ್ನು ತೆಗೆದು ಪ್ರೀತಿಯಿಂದ ಸವರಿದಳು. "ನಂದೂ ಇದೆ ನೋಡೇ! 'ಟೈಪಿಸ್ಟ್ ಅಕ್ಕನ ಜಡೆ, ಊಟದ ನಂತರ.' ಆಗಲೇ ನಮ್ಮ ಮನೆಯವರಿಗೆ ಫೋನ್ ಮಾಡಿ ಹೇಳ್ದೆ. ಹದಿನೈದು ವರ್ಷದಲ್ಲಿ ಅವರ ಕಣ್ಣಿಗೆ ಬೀಳದೇ ಇದ್ದಿದ್ದು ನಿಂಗೆ ಆರು ತಿಂಗಳಲ್ಲಿ ಬಿತ್ತಲ್ಲೇ."

ಗೀಚಮ್ಮನ ಕಣ್ಣು ಮೂರನೆಯ ಸಾಲಿಗೆ ಹೋಗಿ ಅಲ್ಲೇ ಅಂಟಿಕೊಂಡಿತು. 'ಮ್ಯಾನೇಜರ್ ತಲೆ, ಹಿಂದಿನಿಂದ, ಕಿಟಕಿಯ ಬೆಳಕಿನಲ್ಲಿ.'

ಅವಳ ಮೇಜು ಇದ್ದದ್ದು ಮ್ಯಾನೇಜರ ಕುರ್ಚಿಯ ಹಿಂದೆ. ಬೆಳಗಿನ ಬಿಸಿಲು ಆ ನುಣುಪಾದ ದುಂಡಿನ ಮೇಲೆ ಬಿದ್ದು, ಅಡ್ಡ ಬಾಚಿದ ಕೆಲವೇ ಎಳೆಗಳು ಅದರ ಮೇಲೆ ಹಾಯ್ದಿರುವುದನ್ನು ನೋಡಿ ಅವಳಿಗೆ ಮೈಯೆಲ್ಲ ಜುಮ್ಮೆಂದಿತ್ತು. ಮನೆಗೆ ಹೋಗುವ ಹೊತ್ತಿಗೆ ಬೆಳ್ಳಿ ಬಣ್ಣದ ವೃತ್ತ, ಅದರ ಮೇಲೆ ತೆಳುಗೆರೆ, ನೀಲಿ ಹಿನ್ನೆಲೆ ಎಲ್ಲ ಸಿದ್ಧವಾಗಿತ್ತು. ಆರರಲ್ಲಿ ಅದೇ ಶ್ರೇಷ್ಠ. ಆದರೆ ಆ ತಲೆಯ ಸುದ್ದಿಯನ್ನು ಕಾರ್ಖಾನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಚ್ಚು ಹಾಕದ ಬಟ್ಟೆಗೆ ಎಲ್ಲೆಡೆ ಬೋಳು ಬಟ್ಟೆ ಎನ್ನುತ್ತಾರೆ. ಇಲ್ಲಿ ಮಾತ್ರ, ಮ್ಯಾನೇಜರ್ ಇರಲಿ ಬಿಡಲಿ, ಅದು ಖಾಲಿ ಬಟ್ಟೆ.

ಪ್ರದರ್ಶನದ ಕೋಣೆಗೆ ಆಗಲೇ ಬೀಗ ಬಿದ್ದಿತ್ತು. ಕೀ ಇದ್ದದ್ದು ಅದೇ ಮ್ಯಾನೇಜರ ಜೇಬಿನಲ್ಲಿ.

"ಸರ್, ಒಂದು ನಿಮಿಷ ಕೀ ಕೊಡ್ತೀರಾ? ಒಂದು ಬಟ್ಟೆ ವಾರೆ ಆಗಿದೆಯೇನೋ ಅಂತ..."

"ಏನೂ ವಾರೆ ಇಲ್ಲ. ನಾನೇ ನೋಡ್ದೆ." ಮ್ಯಾನೇಜರು ಕಣ್ಣು ಕಿರಿದು ಮಾಡಿದರು. "ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ, ಚೀಟಿ ಓದಕ್ಕಾಗ್ಲಿಲ್ಲ ಅಷ್ಟೆ. ಊಟಕ್ಕೆ ಹೋದಾಗ ತರ್ತೀನಿ. ಮೂರೂ ಮುಕ್ಕಾಲಿಗೆ ಒಂದೊಂದನ್ನೂ ಅಕ್ಷರ ಬಿಡದೆ ಓದ್ತೀನಿ. ನೀನೇನೂ ತಲೆ ಕೆಡಿಸ್ಕೋಬೇಡ."

ಇನ್ನು ಉಳಿದಿದ್ದು ವಾಚ್‌ಮನ್ ತಾತ. ಎಲ್ಲ ಕೋಣೆಗಳ ಇನ್ನೊಂದು ಕೀ ಅವನ ಗೊಂಚಲಿನಲ್ಲಿರುತ್ತಿತ್ತು. ಆದರೆ ತಾತ ಮುಖ ಗಂಟು ಹಾಕಿಕೊಂಡು ಗೇಟಿನ ಕಡೆ ತಿರುಗಿ ಕೂತಿದ್ದ.

"ತಾತ, ಆ ಕೋಣೆ ಕೀ..."

"ನಂದು ಯಾವುದಿದೆ?"

"ಏನು?"

"ಆರು ಬಟ್ಟೆಲಿ ನಂದು ಯಾವುದು ಅಂತ ಕೇಳ್ದೆ. ಇಪ್ಪತ್ತು ವರ್ಷದಿಂದ ಇದೇ ಗೇಟಲ್ಲಿ ನಿಂತಿದೀನಿ. ನೀನು ದಿನಾ ಎರಡು ಸಲ ನನ್ನ ಮುಂದೇನೇ ಹೋಗ್ತೀಯ. ಆ ಆಕಳಿಸೋನು ಕಾಣ್ತಾನೆ, ನನ್ನ ಮೀಸೆ ಕಾಣಲ್ಲ."

"ಅಯ್ಯೋ, ಬಿಡಿಸ್ತೀನಿ ತಾತ, ಖಂಡಿತ. ಮೊದ್ಲು ಕೀ ಕೊಡಿ."

"ಮೊದ್ಲು ಮೀಸೆ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಮೀಸೆ ಬಿಡಿಸತೊಡಗಿದಳು. ತಾತ ಎದೆ ಉಬ್ಬಿಸಿ ನಿಂತ. ಎರಡು ನಿಮಿಷಕ್ಕೊಮ್ಮೆ ಬಂದು ನೋಡಿ, "ಎಡಗಡೆದು ಸೊರಗಿದೆ, ಸ್ವಲ್ಪ ಧಾರಾಳವಾಗಿ ಹಾಕು" ಎನ್ನುವನು. ಅಷ್ಟರಲ್ಲಿ ಊಟ ಮುಗಿಸಿ ಬಂದ ಪ್ಯಾಕಿಂಗ್ ವಿಭಾಗದವರು ಸುತ್ತುವರಿದರು. ಒಬ್ಬಾಕೆ ತನ್ನ ಮೊಣಕೈ ಮುಂದೆ ಚಾಚಿದಳು. "ಇದರ ಸುಕ್ಕು ನೋಡಮ್ಮ, ಪರದೆಗೆ ಒಳ್ಳೆ ಅಂಚಾಗುತ್ತೆ." ಇನ್ನೊಬ್ಬಾಕೆ, "ನಮ್ಮತ್ತೆ ಮುಖದ ಫೋಟೋ ತರ್ಲಾ? ಕಾಲೊರಸೋ ಮ್ಯಾಟಿಗೆ" ಎಂದಳು. ಗೀಚಮ್ಮ ಯಾರಿಗೂ ಇಲ್ಲವೆನ್ನಲಾರಳು. ಮೊಣಕೈಯನ್ನೂ ಬಿಡಿಸಿದಳು, ಮೀಸೆಯನ್ನು ಇನ್ನೂ ನಾಲ್ಕು ಸಲ ತಿದ್ದಿದಳು. ಕೀ ಕೈಗೆ ಬಂದಾಗ ಮೂರೂವರೆ ದಾಟಿತ್ತು.

ಕೋಣೆಯೊಳಗೆ ಹೋಗಿ ಸ್ಟೂಲು ಹತ್ತಿದರೆ ಇನ್ನೊಂದು ಗ್ರಹಚಾರ. ಬಿದ್ದುಹೋಗಬಾರದೆಂದು ಟೈಪಿಸ್ಟ್ ಅಕ್ಕ ಪ್ರತಿ ಚೀಟಿಯನ್ನೂ ಗಟ್ಟಿ ದಾರದಲ್ಲಿ ಮೂರು ಗಂಟು ಹಾಕಿ ಹೊಲಿದಿದ್ದಳು. ಕತ್ತರಿ ಮಹಡಿಯ ಮೇಲೆ ಅವಳ ಮೇಜಿನಲ್ಲಿ. ಗೀಚಮ್ಮ ಬೇರೆ ದಾರಿ ಕಾಣದೆ ಮೂರನೆಯ ಬಟ್ಟೆಯ ದಾರಕ್ಕೆ ಬಾಯಿ ಹಾಕಿದಳು. ಪಟ್ ಎಂದು ದಾರ ಕಿತ್ತು, ಚೀಟಿ ಅವಳ ಹಲ್ಲಿನ ನಡುವೆ ಉಳಿಯಿತು. ಅದೇ ಹೊತ್ತಿಗೆ ಬಾಗಿಲು ತೆರೆಯಿತು.

ಮ್ಯಾನೇಜರು ಕನ್ನಡಕ ಹಾಕಿಕೊಂಡಿದ್ದರು.

"ಏನದು ಬಾಯಲ್ಲಿ?"

"ಮ್ಮ್..."

ಅವರು ಕೈ ಚಾಚಿದರು. ಗೀಚಮ್ಮ ಕದ್ದು ಸಿಕ್ಕಿಬಿದ್ದ ಬೆಕ್ಕಿನ ಹಾಗೆ ಚೀಟಿಯನ್ನು ಅವರ ಅಂಗೈಗೆ ಬಿಟ್ಟಳು. ಅವರು ಓದಿದರು. ಬಟ್ಟೆ ನೋಡಿದರು. ಮತ್ತೆ ಓದಿದರು. ಅವರ ಕೈ ತಾನಾಗಿಯೇ ನೆತ್ತಿಗೆ ಹೋಗಿ ಮೆಲ್ಲನೆ ಇಳಿಯಿತು. ಬಟ್ಟೆಯ ಹತ್ತಿರ ಹೋಗಿ ಬೆರಳಿಟ್ಟು ಏನೋ ಎಣಿಸಿದರು.

"ಏಳು ಹಾಕಿದೀಯ."

"ಸರ್?"

"ಕೂದಲು. ಒಂಬತ್ತಿವೆ."

ಅವಳು ಸ್ಟೂಲಿನ ಮೇಲೆ ನಿಂತೇ ಅಳುವಂತಾದಳು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಮ್ಯಾನೇಜರು ಬೆಚ್ಚಿ ಚೀಟಿಯನ್ನು ಹರಿದು ಜೇಬಿಗೆ ತುರುಕಿದರು.

"ಬಂದ್ರು! ಬೇಗ ಒಂದು ಹೆಸರು ಹೇಳು."

"ಬೆಳದಿಂಗಳು, ಸರ್. ಪೆನ್ಸಿಲಲ್ಲಿ ಬರೆದಿದ್ದೆ."

ಅವರೇ ಹೊಸ ಚೀಟಿ ಬರೆದು ಸಿಕ್ಕಿಸಿದರು. "ನೋಡು, ದೊಡ್ಡಮ್ಮ ಏನೇ ಕೇಳಲಿ, ನನ್ನ ತಲೆ ವಿಷಯ ಹೊರಗೆ ಬರಬಾರದು. ಬಂತೋ, ನಿನ್ನ ಮೇಜು ಗೇಟಿನಾಚೆ!"

ದೊಡ್ಡಮ್ಮ ಕೋಲೂರಿಕೊಂಡು ಬಂದರು. ಅವರು ಬಟ್ಟೆಯನ್ನು ಕಣ್ಣಿಗಿಂತ ಮೊದಲು ಬೆರಳಿನಿಂದ ನೋಡುವವರು. ಆಕಳಿಕೆಯ ಚೀಟಿ ಓದಿ, "ಇದನ್ನ ನೋಡಿದ್ರೆ ನಿದ್ದೆ ಬರುತ್ತೆ, ಆದ್ರೆ ಕೊಳ್ಳೋಕೆ ಮನಸ್ಸು ಬರಲ್ಲ" ಎಂದರು. ಜಡೆ ದಾಟಿದರು. ಮೂರನೆಯದರ ಮುಂದೆ ನಿಂತರು. ಕೋಲನ್ನು ಕಂಕುಳಿಗೆ ಸೇರಿಸಿ ಎರಡೂ ಕೈಯಲ್ಲಿ ಬಟ್ಟೆ ಹಿಡಿದರು. ಉಳಿದ ಮೂರನ್ನು ಅಲ್ಲಿಂದಲೇ ನೋಡಿ ಮತ್ತೆ ಇದಕ್ಕೇ ಬಂದರು.

"ಇದು! ಇದು ಕಣೇ ಪರದೆ ಅಂದ್ರೆ."

ಗೀಚಮ್ಮನ ಕಿವಿಯಲ್ಲಿ, ಕೆಲಸ ಕಾಯಂ ಎಂದು ಸಾರುವ ಅಮ್ಮನ ಧ್ವನಿ ಬೀದಿಯುದ್ದಕ್ಕೂ ಮೊಳಗಿದಂತಾಯಿತು. ದೊಡ್ಡಮ್ಮ ಚೀಟಿ ಓದಿದರು. ಹುಬ್ಬು ಗಂಟಿಕ್ಕಿತು.

"ಬೆಳದಿಂಗಳಂತೆ! ಮಿಕ್ಕಿದ್ದಕ್ಕೆಲ್ಲ ಯಾರ ಜಡೆ, ಯಾರ ಆಕಳಿಕೆ ಅಂತ ನೆಟ್ಟಗೆ ಬರೆದಿದೀಯ. ಇದಕ್ಕೆ ಮಾತ್ರ ಕೈಬರಹ, ಅದೂ ಇಂಕು ಒಣಗಿಲ್ಲ." ಅವರು ಕೋಲಿನ ತುದಿಯನ್ನು ಅವಳತ್ತ ತಿರುಗಿಸಿದರು. "ನನ್ನ ಹತ್ರ ಆಟ ಬೇಡ. ನಿಜ ಹೇಳು, ಇದು ಯಾರ ತಲೆಯಿಂದ ಬಂದಿದ್ದು?"

ತಲೆ! ಗೊತ್ತಾಗಿ ಹೋಗಿದೆ. ದೊಡ್ಡಮ್ಮನ ಬೆನ್ನ ಹಿಂದೆ ಮ್ಯಾನೇಜರು ಎರಡೂ ಕೈ ಆಡಿಸುತ್ತ ಬೇಡ ಬೇಡವೆಂದು ಸನ್ನೆ ಮಾಡುತ್ತಿದ್ದರು. ಆದರೆ ಎಲ್ಲಿಂದ ಬಂತೆಂದು ಕೇಳಿದರೆ ಗೀಚಮ್ಮನಿಗೆ ಸುಳ್ಳು ಹೊರಡುತ್ತಿರಲಿಲ್ಲ.

"ಮ್ಯಾನೇಜರ್ ತಲೆಯಿಂದ, ದೊಡ್ಡಮ್ಮ. ತಪ್ಪಾಯ್ತು."

ಮ್ಯಾನೇಜರ ಕೈಗಳು ಗಾಳಿಯಲ್ಲೇ ನಿಂತವು.

"ಒಪ್ಪಿಕೊಂಡ್ಯಲ್ಲ, ಅಷ್ಟು ಸಾಕು" ಎಂದು ದೊಡ್ಡಮ್ಮ ಮ್ಯಾನೇಜರ ಕಡೆ ತಿರುಗಿದರು. "ಏನ್ರೀ ನೀವು! ಹದಿನೆಂಟು ವರ್ಷದಿಂದ ಇಂಥದ್ದನ್ನ ತಲೇಲಿ ಇಟ್ಕೊಂಡು ಸುಮ್ನೆ ಓಡಾಡ್ತಿದ್ರಾ?"

"ಇರೋದೇನೋ... ತಲೇಲೇ, ದೊಡ್ಡಮ್ಮ..."

"ಮತ್ತೆ ಮುಚ್ಚಿಟ್ಕೊಂಡಿದ್ದು ಯಾಕೆ?"

ಮ್ಯಾನೇಜರು ಬೆವರೊರೆಸಿಕೊಂಡರು. "ಆದಷ್ಟು ಮುಚ್ಕೊಳ್ಳೋಕೆ ನೋಡ್ತೀನಿ. ಪೂರ್ತಿ ಆಗ್ತಾ ಇಲ್ಲ."

"ವಿನಯ ಸಾಕು! ಮುಂದಿನ ತಿಂಗಳು ನಿಮ್ಮ ತಲೆಯಿಂದ ಇಂಥವೇ ಆರು ಬರಬೇಕು."

ಗೀಚಮ್ಮನಿಗೆ ಈಗ ಅರ್ಥವಾಯಿತು. "ದೊಡ್ಡಮ್ಮ, ಹಾಗಲ್ಲ, ಬಿಡಿಸಿದ್ದು ನಾನು..."

"ಗೊತ್ತು ಕಣೇ. ಅವರ ತಲೇಲಿ ಇರೋದನ್ನ ಕಾಗದಕ್ಕೆ ಇಳಿಸೋಕೆ ಒಂದು ಕೈ ಬೇಕಲ್ಲ. ಇನ್ನಾರು ತಿಂಗಳು ಹೀಗೇ ತಾತ್ಕಾಲಿಕವಾಗಿ ಇರು. ಆಮೇಲೆ ನಿನ್ನ ತಲೇಲೂ ಏನಾದ್ರೂ ಹುಟ್ಟುತ್ತಾ ನೋಡೋಣ."

ಕೋಲಿನ ಸದ್ದು ಕಾರಿಡಾರಿನ ಕೊನೆ ಮುಟ್ಟುವವರೆಗೂ ಇಬ್ಬರೂ ಅಲುಗಲಿಲ್ಲ. ಆಮೇಲೆ ಮ್ಯಾನೇಜರು ಸ್ಟೂಲಿನ ಮೇಲೆ ಕುಸಿದು ಕೂತರು. ಕೊನೆಗೆ ಕನ್ನಡಕ ತೆಗೆದು, ಕಿಟಕಿಯ ಕಡೆಗೆ ಸ್ವಲ್ಪ ಓರೆಯಾಗಿ ತಿರುಗಿ, ಕಿವಿಯ ಮೇಲಿನ ಎಳೆಗಳನ್ನು ಬೆರಳಿನಿಂದ ಸರಿಸಿ ಹಿಡಿದರು.

"ಈ ಸೈಡಿಂದ ನೋಡು," ಎಂದರು ಮೆಲ್ಲಗೆ. "ಏನಾದ್ರೂ ಕಾಣ್ಸುತ್ತಾ?"